ಬಣ್ಣಗಾರರ ಬಾವಿಯ ಸಾಲು

ಬರೆದ ಅಕ್ಷರ ನಮ್ಮೂರಿನಲ್ಲಿ ಒಂದು ತಿಂಗಳು ಬಾಳುತ್ತದೆ. ಇಪ್ಪತ್ತೊಂಬತ್ತನೆಯ ದಿನ ಮಸುಕಾಗುತ್ತದೆ, ಮೂವತ್ತನೆಯ ದಿನ ಕಾಗದ ಬೆಳ್ಳಗಾಗಿರುತ್ತದೆ. ಮಸಿಯಾಗಲಿ, ಸೀಸದ ಕಡ್ಡಿಯಾಗಲಿ, ಎಣ್ಣೆ ಬಣ್ಣವಾಗಲಿ, ಅಚ್ಚಾಗಿ ಬಂದದ್ದಾಗಲಿ, ಯಾವುದಕ್ಕೂ ರಿಯಾಯಿತಿ ಇಲ್ಲ. ಇದರ ಬಗ್ಗೆ ನಾವು ತಲೆ ಕೆಡಿಸಿಕೊಂಡವರಲ್ಲ. ಮದುವೆಯ ಕರೆಯೋಲೆಯನ್ನು ಇಪ್ಪತ್ತು ದಿನಕ್ಕಿಂತ ಮುಂಚೆ ಯಾರೂ ಹಂಚುವುದಿಲ್ಲ. ಔಷಧದ ಅಂಗಡಿಯವನು ತಿಂಗಳ ಮೊದಲ ಸೋಮವಾರ ಬಾಗಿಲು ಹಾಕಿಕೊಂಡು ಬಾಟಲಿಗಳಿಗೆಲ್ಲ ಹೊಸ ಚೀಟಿ ಅಂಟಿಸುತ್ತಾನೆ. ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ತೆಗೆದ ಕಡಿಮೆ ಅಂಕವನ್ನು ತಿಂಗಳು ತುಂಬುವ ತನಕ ಮುಚ್ಚಿಟ್ಟರೆ ಬಚಾವು. ಪ್ರೇಮಪತ್ರ ಬರೆದವರು ಸಿಕ್ಕಿಬೀಳುವುದಂತೂ ತೀರ ಅಪರೂಪ.

ಉಳಿಯಲೇಬೇಕಾದದ್ದನ್ನು ಉಳಿಸುವ ಕೆಲಸ ಬರಹದ ಮನೆಯದು. ನಾನು ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಇದ್ದೇನೆ. ಹೆಸರು ಚಂದ್ರಾಮ. ಊರಿನ ಮುನ್ನೂರ ನಲವತ್ತು ಮನೆಗಳಿಗೆ ಒಂದೊಂದು ಪುಟದಂತೆ ಊರ ಪುಸ್ತಕವೊಂದಿದೆ. ಹುಟ್ಟು, ಸಾವು, ಮದುವೆ, ಯಾರಿಂದ ಯಾರಿಗೆ ಏನು ಒಳ್ಳೆಯದಾಯಿತು, ಏನು ಕೆಟ್ಟದಾಯಿತು, ಎಲ್ಲ ಅದರಲ್ಲಿ. ಪ್ರತಿ ತಿಂಗಳೂ ಒಬ್ಬರು ಹಳೆಯ ಪುಟವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸ ಹಾಳೆಗೆ ಇಳಿಸಬೇಕು. ಇದಲ್ಲದೆ ಓಣಿಗಳ ಹಲಗೆ, ಬಾವಿಗಳ ಹಲಗೆ, ದವಾಖಾನೆಯ ಹಲಗೆಗಳನ್ನೂ ನಾವೇ ಬರೆಯಬೇಕು. ಮೊದಲು ಒಂಬತ್ತು ಮಂದಿ ಇದ್ದೆವು. ಈಗ ಬರೆಯುವವನು ನಾನೊಬ್ಬ, ಓದುವವಳು ಬಾಳವ್ವ ಒಬ್ಬಳು. ಬೆರಳು ಬಾಗುವ ಈ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಹೊಸಬರು ಯಾರೂ ಬರಲಿಲ್ಲ. ನಾನು ಏಣಿ ಹೊತ್ತು ಓಣಿಯಲ್ಲಿ ಹೊರಟರೆ ಮಕ್ಕಳು ಹಲಗೆಯಜ್ಜ ಬಂದ ಎಂದು ಕೂಗುತ್ತವೆ. ಅದನ್ನು ಕೇಳಿ ಹಿಗ್ಗುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಪುಸ್ತಕಕ್ಕೆ ಎರಡು ಪದ್ಧತಿಗಳಿವೆ. ಒಂದು, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಸಾವು ಬಂದರೆ ಅದನ್ನು ಸತ್ತವರ ಮನೆಯ ಪುಟದಲ್ಲಿ ಬರೆಯುವುದಿಲ್ಲ, ಕಾರಣರಾದವರ ಪುಟದಲ್ಲಿ ಬರೆಯುತ್ತೇವೆ. ಸತ್ತವರ ಹುಟ್ಟಿನ ಸಾಲನ್ನು ಮುಂದಿನ ಪ್ರತಿಯಲ್ಲಿ ಬಿಟ್ಟುಬಿಡುತ್ತೇವೆ, ಬರೆಯುವವರ ಹೊರೆ ಇಳಿಯಲೆಂದು. ಎರಡನೆಯದು, ವರ್ಷಕ್ಕೊಮ್ಮೆ ಶ್ರಾವಣದ ಪ್ರತಿಯಲ್ಲಿ ಪ್ರತಿ ಮನೆಯವರಿಗೂ ತಮ್ಮ ಪುಟದ ಒಂದೇ ಒಂದು ಪದವನ್ನು ಬದಲಾಯಿಸುವ, ಇಲ್ಲವೇ ತೆಗೆಯುವ ಹಕ್ಕಿದೆ. ಓದುವವರು ತಲೆಯಾಡಿಸಿದರೆ ಆಯಿತು. ಹೀಗೆ ನಮ್ಮೂರಿನಲ್ಲಿ ಕದ್ದವರು ಹತ್ತು ವರ್ಷದಲ್ಲಿ ಎರವಲು ತಂದವರಾಗುತ್ತಾರೆ, ಹೊಡೆದವರು ಗದರಿದವರಾಗುತ್ತಾರೆ. ಪುಸ್ತಕದಲ್ಲಿ ಇದ್ದಷ್ಟನ್ನೇ ಆಡುವುದು ಇಲ್ಲಿಯ ಮರ್ಯಾದೆ. ಪುಸ್ತಕದಿಂದ ಹೋದದ್ದನ್ನು ಕಟ್ಟೆಯ ಮೇಲೆ ಕೂತು ಯಾರೂ ಎತ್ತುವುದಿಲ್ಲ.

ಪರದೆಯ ಮೇಲಿನ ಅಕ್ಷರ ಮಾಸುವುದಿಲ್ಲ ಎಂಬುದನ್ನು ಕಂಡುಹಿಡಿದವರು ಪಂಚಾಯಿತಿಯ ಅಧ್ಯಕ್ಷೆ ಮುಕ್ತಾಬಾಯಿ. ಅವರ ಫೋನಿಗೆ ಪರವೂರಿನ ಬೀಗರಿಂದ ಬಂದ ಮೆಸೇಜು ಎರಡು ತಿಂಗಳಾದರೂ ಹಾಗೇ ಇತ್ತು. ಅವರು ಅದನ್ನು ಸಭೆಯಲ್ಲಿ ಎಲ್ಲರಿಗೂ ತೋರಿಸಿದರು. ‘ಚಂದ್ರಾಮಣ್ಣಾರ ಕೈ ಇನ್ನೆಷ್ಟ ದಿನಾ ನಡದೀತು? ಇವರಿಬ್ಬರ ಹಿಂದ ಪುಸ್ತಕಾನೂ ಹೋತಂದ್ರ ನಾವು ಯಾರು ಅಂತ ನಮಗ ಗೊತ್ತಿರೂದಿಲ್ಲ’ ಎಂದರು. ಊರಿಗೊಂದು ವೆಬ್‌ಸೈಟ್ ಮಾಡಿಸಿ ಪುಸ್ತಕವನ್ನೆಲ್ಲ ಅದರಲ್ಲಿ ಹಾಕುವುದೆಂದು ತೀರ್ಮಾನವಾಯಿತು.

ಅದನ್ನು ಕಟ್ಟಿಕೊಡಲು ಬಂದವಳು ರೇಷ್ಮಾ ಮುಜಾವರ, ಮೂವತ್ತರ ಆಸುಪಾಸಿನ ಪರವೂರಿನ ಹೆಣ್ಣುಮಗಳು. ಚುರುಕು ಬುದ್ಧಿ, ಮಾತು ಮೆತ್ತಗೆ. ತಾನು ತಂದಿದ್ದ ಡೈರಿಯ ಬರಹ ಬಂದ ತಿಂಗಳಲ್ಲೇ ಬಿಳಿಯಾದಾಗ ಒಂದು ಗಳಿಗೆ ಕಣ್ಣರಳಿಸಿದಳು, ಮರುದಿನದಿಂದ ನಮ್ಮ ಹಾಗೆಯೇ ಎಲ್ಲವನ್ನೂ ತಿಂಗಳು ತುಂಬುವ ಮೊದಲೇ ಮತ್ತೆ ಬರೆದಿಡತೊಡಗಿದಳು. ವೆಬ್‌ಸೈಟ್ ಕಟ್ಟುವ ಮೊದಲು ಅದರ ಒಳಗಿನ ಬರಹವನ್ನು ಹಾಕಲು, ತಿದ್ದಲು, ಕಾಯಲು ಒಂದು ವ್ಯವಸ್ಥೆಯನ್ನು ಆರಿಸಿಕೊಳ್ಳಬೇಕೆಂದು ಅವಳು ಹೇಳಿದಳು. ಅದಕ್ಕೆ ಸಿ.ಎಂ.ಎಸ್. ಎನ್ನುತ್ತಾರಂತೆ. ಪಂಚಾಯಿತಿಯ ಗೋಡೆಗೆ ಬೆಳಕು ಬಿಟ್ಟು ಮೂರು ಬಗೆಯವನ್ನು ತೋರಿಸಿದಳು.

ಮೊದಲನೆಯದರಲ್ಲಿ ಪುಟಗಳನ್ನು ಅವಳೇ ಕಟ್ಟಿಕೊಡುತ್ತಾಳೆ. ಹಗುರ, ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತದೆ, ಕೆಡುವುದು ಕಡಿಮೆ. ಆದರೆ ಒಂದು ಚುಕ್ಕೆ ಬದಲಾಯಿಸಬೇಕೆಂದರೂ ಅವಳಿಗೇ ಹೇಳಿ ಕಳಿಸಬೇಕು. ಎರಡನೆಯದು ದೊಡ್ಡ ಸಂಸಾರ. ಒಬ್ಬೊಬ್ಬರಿಗೂ ಬೇರೆ ಲಾಗಿನ್, ಬೇರೆ ಅಧಿಕಾರ. ಬರೆಯುವವರು ಡ್ರಾಫ್ಟ್ ಮಾಡಬೇಕು, ಒಪ್ಪುವವರು ಪಬ್ಲಿಷ್ ಒತ್ತಬೇಕು. ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು, ಕಲಿಯಲು ತಿಂಗಳುಗಟ್ಟಲೆ ಬೇಕು. ಮೂರನೆಯದು ಯಾವುದೋ ಕಂಪನಿಯದು. ಬರಹವೆಲ್ಲ ಅವರಲ್ಲೇ ಇರುತ್ತದೆ, ಪದದ ಮೇಲೆ ಒತ್ತಿ ಬದಲಾಯಿಸಿ ಸೇವ್ ಮಾಡಿದರೆ ಮುಗಿಯಿತು.

‘ಸೇವ್ ಮಾಡಿದ ಮ್ಯಾಲೆ ಹಳೇದು ಎಲ್ಲಿ ಹೋಗ್ತೈತಿ?’ ಎಂದು ಕೇಳಿದವನು ನಾನು.

‘ಅದು ಹೋಗೇಬಿಡ್ತದ ಕಾಕಾ. ಇದ್ರಾಗ ಕಡೀದಷ್ಟ ಉಳೀತದ. ನಿಮ್ಮಂಥಾ ಹಿರೇರಿಗೆ ಇದು ಸರಳ. ಆದ್ರ ನಾಳೆ ಆ ಕಂಪನಿ ಮುಚ್ಚಿದ್ರ ಎಲ್ಲಾ ಬಿಡಿಸಿಕೊಂಡು ಬರೂದು ಕಠಿಣ ಅದ, ಅದನ್ನ ಈಗ ಹೇಳಿಬಿಡ್ತೀನಿ.’

ಕೆಲಸ ಬಲ್ಲವರು ನೀವೇ, ಹದಿನೈದು ದಿನ ಮೂರನ್ನೂ ಬಳಸಿ ನೋಡಿ ವರದಿ ಕೊಡಿ ಎಂದು ಪಂಚಾಯಿತಿ ನನಗೂ ಬಾಳವ್ವನಿಗೂ ಒಪ್ಪಿಸಿತು. ನಾನು ಬಳಸಿ ನೋಡುವ ಮೊದಲೇ ಮೂರನೆಯದನ್ನು ಆರಿಸಿಯಾಗಿತ್ತು. ಕಾರಣಗಳನ್ನೂ ಹೊಂದಿಸಿಕೊಂಡೆ. ನನ್ನ ಕಣ್ಣು ಮಂಜು, ಬಾಳವ್ವನಿಗೆ ಇಂಗ್ಲಿಷ್ ಬಾರದು, ನಮ್ಮ ನಂತರ ಬರುವವರಿಗೂ ಸುಲಭವಾಗಲಿ. ಕೇಳಿದವರೆಲ್ಲ ಹೌದೆನ್ನುವಂಥ ಕಾರಣಗಳು. ಒಂದನ್ನು ಬಿಟ್ಟು ಎಲ್ಲವನ್ನೂ ಹೇಳುತ್ತ ಊರೆಲ್ಲ ತಿರುಗಿದೆ.

ಆ ಒಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಇಪ್ಪತ್ತೊಂದು ವರ್ಷದ ಹಿಂದೆ ನನ್ನನ್ನು ಬರಹದ ಮನೆಯ ಹಿರಿಯನನ್ನಾಗಿ ಮಾಡಿದರು. ಶಾಲು ಹೊದಿಸಿ, ಹಾರ ಹಾಕಿ, ಹೋಳಿಗೆ ಊಟ ಹಾಕಿಸಿದರು. ಅಂದು ಬಣ್ಣಗಾರರ ಬಾವಿಯ ಹಲಗೆಗೆ ಇಪ್ಪತ್ತೊಂಬತ್ತನೆಯ ದಿನ. ನೂಲಿಗೆ ಬಣ್ಣ ಹಾಕುವವರ ಹಿತ್ತಲಿನ ಬಾವಿ ಅದು. ವರ್ಷಾನುವರ್ಷದ ಬಣ್ಣದ ನೀರು ಇಳಿದು ಇಳಿದು ವಿಷವಾಗಿತ್ತು, ನೋಡಲು ಮಾತ್ರ ತಿಳಿ. ಅದರ ಹಲಗೆಯ ಮೇಲೆ ‘ಈ ನೀರು ಕುಡಿಯಬೇಡಿ’ ಎಂದು ತಪ್ಪದೆ ಬರೆಯಬೇಕು. ಊಟ ಮಾಡಿ ಹೋದರಾಯಿತು ಎಂದುಕೊಂಡೆ. ಊಟ ಮಾಡಿ ಮಲಗಿದೆ. ಎದ್ದ ಮೇಲೆ ಬಂದವರೊಡನೆ ಎಲೆ ಅಡಿಕೆ ಹಾಕುತ್ತ ಕೂತೆ. ಮರುದಿನ ಮಧ್ಯಾಹ್ನ ಬಾಳವ್ವನ ಮಗಳು ಶಾಲೆಯಿಂದ ಬರುತ್ತ ಆ ನೀರು ಕುಡಿಯಿತು. ಆರು ವರ್ಷದ ಕೂಸು, ಸಂಜೆಯ ಹೊತ್ತಿಗೆ ಉಳಿಯಲಿಲ್ಲ.

ಸಾಲನ್ನು ನನ್ನ ಮನೆಯ ಪುಟದಲ್ಲಿ, ನಲವತ್ತೇಳನೆಯ ಪುಟದಲ್ಲಿ, ನಾನೇ ಬರೆದೆ. ‘ಬರಹಗಾರ ಚಂದ್ರಾಮ ಬಣ್ಣಗಾರರ ಬಾವಿಯ ಹಲಗೆಯನ್ನು ಬರೆಯಲು ಮರೆತದ್ದರಿಂದ ಬಾಳವ್ವನ ಮಗಳು ಚಂಪಾವತಿ, ಆರು ವರ್ಷ, ಆ ನೀರು ಕುಡಿದು ಸತ್ತಳು.’ ಆರು ತಿಂಗಳಾದ ಮೇಲೆ ಬಾಳವ್ವ ಬರಹದ ಮನೆಗೆ ಬಂದಳು. ನನಗೆ ಓದಲು ಬರುತ್ತದೆ, ಓದುವ ಕೆಲಸ ಕೊಡಿ ಎಂದಳು. ಬೇಡವೆನ್ನುವ ಬಾಯಿ ಯಾರಿಗಿತ್ತು? ಅಂದಿನಿಂದ ಪ್ರತಿ ತಿಂಗಳೂ ಅವಳು ಆ ಸಾಲನ್ನು ಓದಿದಳು, ನಾನು ಬರೆದೆ. ಮೊದಲ ಶ್ರಾವಣದಲ್ಲಿ ನಾನು ಹಕ್ಕು ಕೇಳಿ ‘ಸತ್ತಳು’ ಎನ್ನುವುದನ್ನು ‘ತೀರಿಕೊಂಡಳು’ ಮಾಡಿದೆ. ಬಾಳವ್ವ ತಲೆಯಾಡಿಸಿದಳು. ಮರುವರ್ಷ ‘ಮರೆತದ್ದರಿಂದ’ ಹೋಗಿ ‘ತಡವಾದದ್ದರಿಂದ’ ಬಂತು. ಅದರ ಮುಂದಿನ ವರ್ಷ ನನ್ನ ಹೆಸರು ಹೋಯಿತು. ಅವಳು ಪ್ರತಿ ಸಲವೂ ತಲೆಯಾಡಿಸಿದಳು, ಒಮ್ಮೆಯೂ ಒಂದು ಮಾತಾಡಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಹದಿನಾರು ಬದಲಾವಣೆಯಾದ ಮೇಲೆ ಉಳಿದದ್ದು ಇಷ್ಟು: ‘ಬಣ್ಣಗಾರರ ಬಾವಿಯ ನೀರಿನಿಂದ ಮಗು ತೀರಿಕೊಂಡಿತು.’ ಈಗ ಮೂವತ್ತರೊಳಗಿನ ಯಾರಿಗೂ ಅದು ಏನೆಂದು ಗೊತ್ತಿಲ್ಲ. ನನ್ನ ಮಗಳಿಗೂ ಗೊತ್ತಿಲ್ಲ. ಇನ್ನು ನಾಲ್ಕೈದು ಶ್ರಾವಣ ಕಳೆದಿದ್ದರೆ ಆ ಸಾಲೂ ಇರುತ್ತಿರಲಿಲ್ಲ, ನಾನು ಬರೀ ಹಲಗೆಯಜ್ಜನಾಗಿ ಕಣ್ಣು ಮುಚ್ಚುತ್ತಿದ್ದೆ.

ಹತ್ತನೆಯ ದಿನ ರೇಷ್ಮಾ ಬರಹದ ಮನೆಗೆ ಲ್ಯಾಪ್‌ಟಾಪ್ ತಂದಳು. ಒಂದೇ ಪುಟವನ್ನು ಮೂರರಲ್ಲೂ ಹಾಕಿ ನೋಡೋಣ, ಯಾವುದಾದರೂ ಒಂದು ಪುಟ ಕೊಡಿ ಎಂದಳು. ನಾನು ಕೈಗೆ ಸಿಕ್ಕಿದ ಹಾಳೆ ಎತ್ತುವಷ್ಟರಲ್ಲಿ ಬಾಳವ್ವ, ‘ನಲವತ್ತೇಳನೇದು ಹಾಕವಾ’ ಎಂದಳು.

ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಬಾಳವ್ವ ಎಂದಿನ ಧ್ವನಿಯಲ್ಲಿ ಓದಿದಳು, ರೇಷ್ಮಾ ಟೈಪ್ ಮಾಡಿದಳು. ಮೊದಲನೆಯದರಲ್ಲಿ ಚೆನ್ನಾಗಿ ಕಂಡಿತು. ಮೂರನೆಯದರಲ್ಲಿ ಇನ್ನೂ ಚೆನ್ನಾಗಿ ಕಂಡಿತು, ಅಂಚಿಗೆ ಹೂವಿನ ಬಳ್ಳಿಯೂ ಬಂತು. ಎರಡನೆಯದಕ್ಕೆ ನನ್ನ ಲಾಗಿನ್ನಿನಿಂದ ಹಾಕಿದಳು. ‘ಕಾಕಾ, ಏನರ ಒಂದು ಪದಾ ಬದಲಾಯಿಸ್ರಿ, ತೋರಸ್ತೀನಿ’ ಎಂದಳು. ನನ್ನ ಬೆರಳು ಅಲುಗಲಿಲ್ಲ. ಅವಳೇ ‘ಮಗು’ ಎಂಬುದನ್ನು ‘ಕೂಸು’ ಮಾಡಿ, ಮೂಲೆಯಲ್ಲಿ ಏನನ್ನೋ ಒತ್ತಿದಳು. ಪರದೆ ಎರಡು ಭಾಗವಾಯಿತು. ಎಡಕ್ಕೆ ಹಳೆಯ ಸಾಲು, ಹೋದ ಪದಕ್ಕೆ ಕೆಂಪು. ಬಲಕ್ಕೆ ಹೊಸ ಸಾಲು, ಬಂದ ಪದಕ್ಕೆ ಹಸಿರು. ಕೆಳಗೆ ತಾರೀಖು, ವೇಳೆ, ಮತ್ತು ‘ಬದಲಾಯಿಸಿದವರು: ಚಂದ್ರಾಮ’ ಎಂದು ಬಂದಿತ್ತು.

ಬಾಳವ್ವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ‘ಇದ್ರಾಗ ಹಳೇದು ಎಂದೂ ಹೋಗೂದಿಲ್ಲೇನವಾ?’

‘ಹೋಗೂದಿಲ್ರಿ ಅವ್ವಾ. ನೂರ ಸಲಾ ಬದಲಾಯಿಸಿದ್ರೂ ನೂರೂ ಇರ್ತಾವ. ಯಾರು ಮಾಡಿದ್ರು ಅನ್ನೂದೂ ಇರ್ತದ.’

‘ಹೆಸರು ಹಾಕಿ ಹುಡುಕಿದ್ರ ಸಿಗ್ತಾರೇನು?’

‘ಕನ್ನಡದಾಗ ಬರದ್ರೂ ಸಿಗ್ತಾರ’ ಎಂದು ರೇಷ್ಮಾ ಹುಡುಕುವ ಜಾಗ ತೋರಿಸಿದಳು. ಬಾಳವ್ವ ಒಂದು ಬೆರಳಿನಿಂದ, ಅಕ್ಷರ ಹುಡುಕುತ್ತ ಹುಡುಕುತ್ತ, ಚಂಪಾವತಿ ಎಂದು ಒತ್ತಿದಳು. ‘ಏನೂ ಸಿಗಲಿಲ್ಲ’ ಎಂದು ಪರದೆ ಹೇಳಿತು. ಇದು ಬರೀ ಒಂದು ಪುಟ ತಾನೇ, ಪುಸ್ತಕವೆಲ್ಲ ಹಾಕಿದ ಮೇಲೆ ಸಿಗುತ್ತಾರೆ ಎಂದು ರೇಷ್ಮಾ ಸಮಾಧಾನ ಮಾಡಿದಳು. ಪಾಪ, ಅವಳಿಗೇನು ಗೊತ್ತು! ಪುಸ್ತಕವೆಲ್ಲ ಹಾಕಿದರೂ ಸಿಗುವುದಿಲ್ಲ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ರೇಷ್ಮಾ ಊಟಕ್ಕೆ ಹೋದಳು. ನಾನು ಮಸಿಯ ಕುಡಿಕೆ ತೊಳೆಯುವ ನೆಪದಲ್ಲಿ ಎದ್ದೆ. ‘ಕುಂಡ್ರಿ ಅಣ್ಣಾರ’ ಎಂದಳು ಬಾಳವ್ವ. ಕೂತೆ.

‘ಬಾಳವ್ವ, ನೀನು ಒಮ್ಮೆ ಬ್ಯಾಡ ಅಂದಿದ್ರ ನಾ ಒಂದು ಪದಾನೂ ಮುಟ್ಟತಿರಲಿಲ್ಲ’ ಎಂದೆ. ತಪ್ಪನ್ನು ಅವಳ ತಲೆಗೆ ಕಟ್ಟುವ ಮಾತು ಅದು. ಆಡಿದ ಮೇಲೆ ತಿಳಿಯಿತು.

‘ಯಾಕ ಬ್ಯಾಡ ಅನ್ನಲಿ? ಹಲಗಿ ಓದಿ ನೀರು ಕುಡೀಬೇಕು ಅಂತ ನನ್ನ ಮಗಳಿಗೆ ಕಲಿಸಿದಾಕಿ ನಾನು. ಏನೂ ಬರದಿಲ್ಲ ಅಂದ್ರ ಚಲೋ ನೀರು, ಕುಡಿ ಅಂತ ಹೇಳಿದಾಕೀನೂ ನಾನ. ಆಕಿ ಹೊಸದಾಗಿ ಓದಾಕ ಕಲ್ತಿದ್ಲು. ದಾರ್ಯಾಗಿನ ಹಲಗಿ ಎಲ್ಲಾ ಓದಿಕೋತ ಬರಾಕಿ. ಅವತ್ತೂ ನಿಂತು ನೋಡೇ ಕುಡದಿರತಾಳ.’ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ‘ನಿಮ್ಮ ಹೆಸರು ತಗದ್ರಿ, ನಾ ತಲಿ ಆಡಿಸಿದೆ. ಮರ್ತದ್ದು ತಗದ್ರಿ, ಆಡಿಸಿದೆ. ಮನಷ್ಯಾಗ ದಿನಾ ತಿವೀಬಾರದು ಅಂತ ಆಡಿಸಿದೆ. ಎಂಟನೇ ವರ್ಷ ಆಕಿ ಹೆಸರು ತಗದು ಮಗು ಅಂತ ಬರದ್ರಲ್ಲ, ಅವತ್ತು ಯಾಕ ಅಣ್ಣಾರ? ಆಕಿ ನಿಮಗೇನ ಮಾಡಿದ್ಲು? ಊರಾಗ ಆಕಿ ಹೆಸರು ಅದೊಂದ ಜಾಗಾದಾಗ ಇತ್ತು.’

‘ಅವತ್ತೂ ತಲಿ ಆಡಿಸಿದ್ಯಲ್ಲ’ ಎಂದೆ, ನನಗೇ ಕೇಳದಷ್ಟು ಸಣ್ಣಗೆ.

‘ಆಡಿಸಲಿಲ್ಲ. ಅಳಾಕತ್ತಿದ್ದೆ. ತಲಿ ಅಲ್ಲಾಡಿತು. ನೀವು ಹಾಳಿ ನೋಡ್ತಿದ್ರಿ.’

ಹೌದು, ನಾನು ಹಾಳೆಯನ್ನೇ ನೋಡುತ್ತಿದ್ದೆ. ಬರೆಯುವವನು ಓದುವವರ ಮುಖ ನೋಡಿ ಒಪ್ಪಿಗೆ ಪಡೆಯಬೇಕೆಂಬುದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ. ಕಣ್ಣಂಚಿನಲ್ಲಿ ಅವಳ ಸೆರಗು ಅಲುಗಿದ್ದು ಕಂಡಿತು, ಅದನ್ನೇ ಒಪ್ಪಿಗೆ ಎಂದುಕೊಂಡು ಬರೆದುಬಿಟ್ಟೆ. ಯಾಕೆ ತೆಗೆದೆ ಎಂದು ಅವಳು ಕೇಳಿದ್ದಕ್ಕೆ ಉತ್ತರ ಇತ್ತು, ಕೊಟ್ಟೆ. ಆ ಹೆಸರು ಬರೆಯುವಾಗ ಪ್ರತಿ ತಿಂಗಳೂ ನನ್ನ ಕೈ ನಡುಗುತ್ತಿತ್ತು, ನಡುಗದೆ ಬರೆಯುವ ಆಸೆಯಾಯಿತು, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಚೆನ್ನಾಗಿತ್ತು. ಬಾಳವ್ವ ಬೈಯಲಿಲ್ಲ. ‘ನನಗ ಎರಡನೇದು ಬೇಕು’ ಎಂದಳು, ಎದ್ದು ಊಟದ ಡಬ್ಬಿ ಬಿಚ್ಚಿದಳು.

ಸಭೆಗೆ ಉಳಿದಿದ್ದ ನಾಲ್ಕು ದಿನ ನಾನು ಎರಡೂ ಕಡೆಯ ವರದಿಯನ್ನು ಬರೆದೆ, ಹರಿದೆ. ಮೂರನೆಯದಕ್ಕೆ ಹೇಳಬಹುದಾದದ್ದು ಬಹಳವಿತ್ತು, ಮುಕ್ತಾಬಾಯಿಗೂ ಅದೇ ಇಷ್ಟ. ನಾನು ಹೂಂ ಎಂದರೆ ಸಾಕಿತ್ತು, ಬಾಳವ್ವ ಸಭೆಯಲ್ಲಿ ಬಾಯಿ ಬಿಡುವ ಹೆಂಗಸಲ್ಲ. ಅದು ಗೊತ್ತಿದ್ದರಿಂದಲೇ ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿತು. ಸಭೆಯ ದಿನ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಒಳಗೆ ಹೋಗಿ ತನ್ನ ಕೂಸನ್ನು ಎತ್ತಿಕೊಂಡು ನಿಂತಳು, ನನ್ನ ಕಡೆ ನೋಡಲಿಲ್ಲ. ನಾನು ಚಪ್ಪಲಿ ಮೆಟ್ಟಿ ಪಂಚಾಯಿತಿಗೆ ಹೋದೆ.

ಎರಡನೆಯದೇ ಆಗಬೇಕು ಎಂದಾಗ ಮುಕ್ತಾಬಾಯಿ ಕನ್ನಡಕದ ಮೇಲಿಂದ ನೋಡಿದರು. ‘ಹೋದ ವಾರ ಮೂರನೇದು ಸರಳ ಅಂತ ನೀವ ಊರ ತುಂಬ ಹೇಳಿದ್ರಿ. ಈಗೇನಾತು ಚಂದ್ರಾಮಣ್ಣಾರ? ಇದನ್ನ ನಡಸಾವರು ಯಾರು?’

‘ಕಲಿಯೂತನಕ ನಾನ ನಡಸ್ತೀನಿ. ಮೂರನೇದು ಸರಳ ಐತ್ರಿ. ತಪ್ಪು ಮಾಡಿದಾಂವಗ ಭಾಳ ಸರಳ ಐತಿ, ಅದಕ್ಕ ನನಗ ಸೇರಿತ್ತು’ ಎಂದೆ. ನಂತರ ಬಾವಿಯ ಸಾಲನ್ನು, ಮೊದಲು ಇದ್ದಂತೆ, ನಿಂತುಕೊಂಡು ಹೇಳಿದೆ. ಮಗುವಿನ ಹೆಸರು ಬರುವಲ್ಲಿ ನಾಲಿಗೆ ಹೊರಳಲಿಲ್ಲ. ಬಾಳವ್ವನ ಮಗಳು ಎಂದಷ್ಟೇ ಹೇಳಿ ದಾಟಿಬಿಟ್ಟೆ. ಹಿರಿಯರು ತಲೆ ತಗ್ಗಿಸಿದರು. ಕಿರಿಯರು ಮುಖ ಮುಖ ನೋಡಿಕೊಂಡರು. ಪುಸ್ತಕದಿಂದ ಹೋದದ್ದನ್ನು ಆಡಬಾರದೆಂಬ ಮರ್ಯಾದೆಯನ್ನು ಬರಹದ ಮನೆಯ ಹಿರಿಯನೇ ಮುರಿದಿದ್ದ. ಹಿಂದಿನ ಸಾಲಿನಿಂದ ಒಬ್ಬ, ಹಾಗಾದರೆ ಎಲ್ಲರ ಮನೆಯದೂ ಹೀಗೇ ಹೊರಗೆ ಬರುತ್ತದೆಯೇ ಎಂದು ಸಿಟ್ಟಿನಿಂದ ಕೇಳಿದ. ಇಲ್ಲ, ಇಂದು ಇದ್ದದ್ದರಿಂದ ಶುರು, ಹಿಂದಿನದನ್ನು ಯಾರಿಗೆ ಬೇಕೋ ಅವರು ತಾವಾಗಿ ಹಾಕಬಹುದು ಎಂದು ರೇಷ್ಮಾ ವಿವರಿಸಿದಳು. ಎರಡು ತಾಸು ಜಗಳವಾಡಿ, ಕೈ ಎತ್ತಿಸಿ, ನಾಲ್ಕು ಕೈ ಹೆಚ್ಚಾಗಿ ಎರಡನೆಯದನ್ನು ಒಪ್ಪಿದರು.

ನಲವತ್ತೇಳನೆಯ ಪುಟದಿಂದಲೇ ಕೆಲಸ ಶುರುಮಾಡಿದೆವು. ನನ್ನ ಲಾಗಿನ್ನು ಬರೆಯುವವನದು, ಬಾಳವ್ವನದು ಒಪ್ಪುವವರದು. ಹಳೆಯ ರೂಪಗಳು ಯಾವ ಕಾಗದದಲ್ಲೂ ಇರಲಿಲ್ಲ. ಬಾಳವ್ವ ಗೋಡೆಗೆ ಒರಗಿ ಕೂತು ಒಂದೊಂದಾಗಿ ಬಾಯಲ್ಲಿ ಹೇಳುತ್ತ ಹೋದಳು. ಯಾವ ಶ್ರಾವಣದಲ್ಲಿ ಯಾವ ಪದ ಹೋಯಿತೆಂದು ಅವಳಿಗೆ ಒಂದೂ ತಪ್ಪಲಿಲ್ಲ. ನಾನು ಹಾಕಿದೆ, ಸೇವ್ ಮಾಡಿದೆ, ಪದ ತೆಗೆದೆ, ಮತ್ತೆ ಸೇವ್ ಮಾಡಿದೆ. ಎಲ್ಲದಕ್ಕೂ ಇಂದಿನ ತಾರೀಖೇ ಬೀಳುತ್ತದಲ್ಲ ಎಂದು ರೇಷ್ಮಾ ಪೇಚಾಡಿದಳು. ‘ಬೀಳಲಿ ಬಿಡವಾ’ ಎಂದಳು ಬಾಳವ್ವ. ಹದಿನಾರೂ ಬದಲಾವಣೆ ಮುಗಿದಾಗ ಪರದೆಯ ಬದಿಯಲ್ಲಿ ನನ್ನ ಹೆಸರು ಒಂದರ ಕೆಳಗೊಂದು ಸಾಲಾಗಿ ನಿಂತಿತ್ತು.

ಕೊನೆಗೆ, ಜನ ಪುಟ ತೆರೆದ ಕೂಡಲೆ ಕಾಣುವ ಸಾಲು ಯಾವುದಿರಬೇಕು ಎಂದು ರೇಷ್ಮಾ ಕೇಳಿದಳು. ಬಾಳವ್ವ ನನ್ನ ಕಡೆ ನೋಡಿದಳು. ಈ ಸಲ ನಾನೂ ಅವಳ ಮುಖವನ್ನೇ ನೋಡಿದೆ. ಯಾರೂ ಓದಿ ಹೇಳದೆ, ಮೊಟ್ಟಮೊದಲ ದಿನ ಬರೆದ ಸಾಲನ್ನು, ಹದಿನಾರು ಪದವನ್ನೂ, ಪೂರ್ತಿಯಾಗಿ ಟೈಪ್ ಮಾಡಿದೆ. ನನ್ನ ಹೆಸರಿಗೆ ಹೊತ್ತು ಹಿಡಿಯಲಿಲ್ಲ. ಕೂಸಿನ ಹೆಸರಿಗೆ ಹಿಡಿಯಿತು. ಕೈ ನಡುಗಿ ಎರಡು ಸಲ ತಪ್ಪಿತು, ಅಳಿಸಿ ಮೂರನೆಯ ಸಲ ಸರಿಯಾಗಿ ಬರೆದೆ.

ಬಾಳವ್ವನ ಬೆರಳು ಪಬ್ಲಿಷ್ ಎಂಬುದರ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

‘ಇಪ್ಪತ್ತೊಂದು ವರ್ಷ ನಾ ಓದೀನಿ, ನೀವು ಬರದೀರಿ. ಇವತ್ತು ನೀವು ಓದ್ರಿ, ನಾ ಕೇಳ್ತೀನಿ.’

ಓದಿದೆ. ಬಾಳವ್ವನ ಮಗಳು ಎಂಬಲ್ಲಿಯವರೆಗೆ ಧ್ವನಿ ಬಂತು. ಅಲ್ಲಿ ನಿಂತೆ. ಕಣ್ಣು ಒರೆಸಿಕೊಂಡು, ನಡುವೆ ತಡೆದು ತಡೆದು, ಹೇಗೋ ಕೊನೆ ಮುಟ್ಟಿಸಿದೆ. ರೇಷ್ಮಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

‘ಇನ್ನೊಮ್ಮೆ’ ಎಂದಳು ಬಾಳವ್ವ. ‘ಆಕಿ ಹೆಸರು ಬಂದಲ್ಲಿ ನಿಲ್ಲಬ್ಯಾಡ್ರಿ.’

ನಾನು ಮೊದಲಿನಿಂದ ಓದಿದೆ. ನಿಲ್ಲಲಿಲ್ಲ. ಅವಳು ಒತ್ತಿದಳು.